ಐವತ್ತೆರಡನೇ ಪುಟದ ಹಕ್ಕಿ

ಮಾರ್ಚ್ ೪

ಮೇಷ್ಟ್ರೇ,

ಎರಡು ಸಲ ಫೋನು ಮಾಡಿದೆ. ಒಮ್ಮೆ ನೀವು ತರಗತಿಯಲ್ಲಿದ್ದಿರಂತೆ, ಇನ್ನೊಮ್ಮೆ ಸಭೆಯಲ್ಲಿದ್ದಿರಂತೆ. ಕಾಗದವಾದರೆ ನೀವು ಸಭೆ ಮುಗಿಸಿ ಬರುವ ತನಕ ಮೇಜಿನ ಮೇಲೆ ಬಿದ್ದಿರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಯಾರೆಂದು ಮರೆತಿದ್ದರೆ ಜ್ಞಾಪಿಸುತ್ತೇನೆ. ಬಸ್ ನಿಲ್ದಾಣದ ಎದುರಿನ ಹಳೇ ಧಾನ್ಯದಂಗಡಿ, ಸೂರಿನಲ್ಲಿ ತಕ್ಕಡಿಯ ಕೊಕ್ಕೆ ಇನ್ನೂ ನೇತಾಡುತ್ತಿರುವ ಬಾಡಿಗೆ ಲೈಬ್ರರಿ, ಅದರ ಒಡತಿ. ಆಗಸ್ಟಿನಲ್ಲಿ ನೀವು ನನ್ನ ಸ್ಟೂಲಿನ ಮೇಲೆ ಎರಡು ದಿನ ಕೂತು, ಏಳು ಲೋಟ ಚಹಾ ಕುಡಿದು, "ಹೆಂಗಸರು ಈ ಪ್ರೇಮ ಕಾದಂಬರಿಗಳನ್ನ ಯಾಕಿಷ್ಟು ಓದ್ತಾರೆ ಅಂತ ಅಧ್ಯಯನ ಮಾಡ್ತಿದೀನಿ ಅಮ್ಮ" ಎಂದು ಹೇಳಿ, ಅತಿ ಹೆಚ್ಚು ಸವೆದ ನಲವತ್ತು ಪುಸ್ತಕಗಳನ್ನು ಚೀಲದಲ್ಲಿ ತುಂಬಿಕೊಂಡು ಹೋದಿರಿ. ಜನವರಿಯಲ್ಲಿ ಮೂವತ್ತೊಂಬತ್ತು ಬಂದವು. ಮೂವತ್ತೊಂದನೇ ನಂಬರಿನದು ಬಂದಿಲ್ಲ. ಅದು ಆಮೇಲಿನ ಮಾತು.

ಫೆಬ್ರವರಿಯ ಮಾಸಪತ್ರಿಕೆಯಲ್ಲಿ ನಿಮ್ಮ ಲೇಖನ ಓದಿದೆ. ಅದರಲ್ಲೊಂದು ಪ್ಯಾರಾ ನನಗೀಗ ಬಾಯಿಪಾಠ: "ಅಂಗಿ ಕಾರ್ಖಾನೆಯೊಂದರಲ್ಲಿ ಗುಂಡಿ ಪರೀಕ್ಷಿಸುವ ನಡುವಯಸ್ಸಿನ ಮಹಿಳೆಯೊಬ್ಬಳು ನಲವತ್ತರಲ್ಲಿ ಇಪ್ಪತ್ತೆಂಟು ಕಾದಂಬರಿಗಳ ಐವತ್ತೆರಡನೇ ಪುಟದಲ್ಲಿ ಪುಟ್ಟ ಹಕ್ಕಿಯೊಂದನ್ನು ಬರೆದಿದ್ದಾಳೆ. ನಾಯಕನು ನಾಯಕಿಯ ಕೈಯನ್ನು ಮೊದಲ ಬಾರಿಗೆ ಹಿಡಿಯುವುದು ಇದೇ ಪುಟದ ಆಸುಪಾಸಿನಲ್ಲಿ. ಇದು ಓದಲ್ಲ, ತೀರದ ಬಾಯಾರಿಕೆ."

ಮೇಷ್ಟ್ರೇ, ಆ ಹಕ್ಕಿ ಏನೆಂದು ಒಂದು ಮಾತು ಕೇಳಬಾರದಿತ್ತೇ? ಈ ಕಾದಂಬರಿಗಳ ರಕ್ಷಾಪುಟ ಎಲ್ಲವೂ ಒಂದೇ: ಅರ್ಧ ತಿರುಗಿದ ಹೆಣ್ಣು, ಹಿಂದೆ ದೂರ ನೋಡುವ ಗಂಡು. ಹೆಸರುಗಳೂ ಅಕ್ಕತಂಗಿಯರ ಹಾಗೆ. ಯಾವುದು ಓದಿದ್ದು, ಯಾವುದು ಓದದ್ದು ಎಂದು ಗೊತ್ತಾಗುವುದಿಲ್ಲ. ಅದಕ್ಕೆ ನನ್ನ ಗಿರಾಕಿಗಳು ಓದಿ ಮುಗಿಸಿದ ಮೇಲೆ ತಮ್ಮದೇ ಒಂದು ಪುಟದಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕುತ್ತಾರೆ. ಮುಂದಿನ ಸಲ ಆ ಪುಟ ತೆರೆದು ನೋಡಿದರೆ ಸಾಕು. ನರ್ಸಮ್ಮನದು ಏಳನೇ ಪುಟದಲ್ಲಿ ಚುಕ್ಕೆ. ನಿವೃತ್ತ ಗುಮಾಸ್ತರದು ನೂರರಲ್ಲಿ ತ್ರಿಕೋನ. ನೀವು ಬರೆದ ಆ ಗುಂಡಿಯವಳು, ನಮ್ಮ ಬಟನ್ ಅಕ್ಕ, ಅವಳದು ಐವತ್ತೆರಡರಲ್ಲಿ ಹಕ್ಕಿ, ಯಾಕೆಂದರೆ ಕಾರ್ಖಾನೆಯಿಂದ ಬಂದು ಇಲ್ಲಿಳಿದು, ಮನೆಗೆ ಹೋಗಲು ಅವಳು ಹಿಡಿಯುವ ಬಸ್ಸಿನ ನಂಬರು ಐವತ್ತೆರಡು. ಅವಳ ಬಾಯಾರಿಕೆ ಇಷ್ಟೇ.

ನಿಮ್ಮ ಪತ್ರಿಕೆ ಕ್ಷೌರದಂಗಡಿಗೂ ಬರುತ್ತದೆ. ಊರಲ್ಲಿ ಗುಂಡಿ ನೋಡುವ, ಕಾದಂಬರಿ ಓದುವ ನಡುವಯಸ್ಸಿನ ಹೆಂಗಸು ಎಷ್ಟು ಜನ ಇದ್ದಾರು? ಅವಳ ಗಂಡ ಶಾಲೆಯ ವ್ಯಾನು ಓಡಿಸುವವನು. ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದಾಗ ಪಕ್ಕದ ಕುರ್ಚಿಯವನು ಅಷ್ಟೂ ಗಟ್ಟಿಯಾಗಿ ಓದಿ, "ಏನಯ್ಯಾ, ನಿನ್ನ ಹೆಂಡ್ತಿಗೆ ಬಾಯಾರಿಕೆಯಂತೆ, ಮನೇಲಿ ನಲ್ಲಿ ಇಲ್ವಾ?" ಅಂದನಂತೆ. ಅರ್ಧ ಗಡ್ಡದಲ್ಲೇ ಎದ್ದು ಮನೆಗೆ ಹೋದವನು ಕೇಳಿದ ಮೊದಲ ಪ್ರಶ್ನೆ: "ಐವತ್ತೆರಡನೇ ಪುಟದವನು ಯಾರು?"

ಅವಳು ಹದಿನೈದು ದಿನದಿಂದ ಬಂದಿಲ್ಲ. ತಪ್ಪಾಯಿತೆಂದು ಅದೇ ಪತ್ರಿಕೆಯಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಹಾಕಿಸಿ. ಮೂವತ್ತೊಂದನೇ ಪುಸ್ತಕ ಕಳಿಸಿ.

ಇತಿ,
ಲೈಬ್ರರಿಯವಳು


ಮಾರ್ಚ್ ೧೫

ಮಾನ್ಯರೇ,

ತಮ್ಮ ಪತ್ರ ತಲುಪಿತು. ತಮ್ಮ ಗ್ರಾಹಕರೊಬ್ಬರಿಗೆ ಆದ ಮುಜುಗರಕ್ಕೆ ವಿಷಾದಿಸುತ್ತೇನೆ. ಆದರೆ ಲೇಖನದಲ್ಲಿ ನಾನು ಯಾರ ಹೆಸರನ್ನೂ, ಯಾವ ಊರನ್ನೂ ಹೇಳಿಲ್ಲ. ಓದಿದವರು ತಮ್ಮತಮ್ಮಲ್ಲೇ ಏನನ್ನೋ ಊಹಿಸಿಕೊಂಡರೆ ಬರೆದವನು ಹೊಣೆಯಾಗಲಾರ.

ಗುರುತುಗಳ ಬಗ್ಗೆ ತಾವು ಹೇಳಿದ್ದು ಸ್ವಾರಸ್ಯಕರವಾಗಿದೆ. ಆದರೂ ಆ ಪುಟವನ್ನೇ ಆಯ್ದುಕೊಳ್ಳುವುದರಲ್ಲಿ ಓದುಗರಿಗೇ ತಿಳಿಯದ ಒಂದು ಒಳ ಎಳೆತ ಇರಬಹುದು. ಬಸ್ಸಿನ ನಂಬರು ಅದಕ್ಕೊಂದು ನೆಪವಿರಬಹುದು. ಇಂಥ ಕಥೆಗಳು ನಿಜ ಜೀವನದಲ್ಲಿ ಸಿಗದ್ದನ್ನು ಪ್ರತಿ ಸಲವೂ ಅದೇ ಅಚ್ಚಿನಲ್ಲಿ ಎರೆದು ಕೊಡುತ್ತವೆ. ಓದುವವರನ್ನು ತಮ್ಮ ಬದುಕನ್ನು ಪ್ರಶ್ನಿಸದಂತೆ ಮಲಗಿಸುತ್ತವೆ. ನನ್ನ ವಾದ ಅಷ್ಟೇ. ಅದು ಆ ಮಹಿಳೆಯ ಪರವಾದ ವಾದವೇ ಹೊರತು ವಿರುದ್ಧವಲ್ಲ.

ತಿದ್ದುಪಡಿಯ ಅಗತ್ಯ ನನಗೆ ಕಾಣುತ್ತಿಲ್ಲ. ಮೂವತ್ತೊಂದನೇ ಪುಸ್ತಕ ಅಂಚೆಯಲ್ಲಿ ಎಲ್ಲೋ ಕಳೆದಿರಬೇಕು.

ವಿಶ್ವಾಸಿ,
ಪ್ರಾಧ್ಯಾಪಕ, ಸಾಹಿತ್ಯ ವಿಭಾಗ


ಮಾರ್ಚ್ ೧೯

ಮೇಷ್ಟ್ರೇ,

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಬರೆದವರು ನೀವು, ಹೊಣೆ ಓದಿದವರದು.

ನಾನು ಓದಿದ್ದು ಐದನೇ ತರಗತಿ. ರದ್ದಿ ಅಂಗಡಿಯಲ್ಲಿ ಹನ್ನೊಂದು ವರ್ಷ ಕಾಗದ ವಿಂಗಡಿಸಿದವಳು. ತೂಕಕ್ಕೆ ಬಂದ ಪುಸ್ತಕಗಳಲ್ಲಿ ಹೊಲಿಗೆ ಬಿಡದವನ್ನು ಆರಿಸಿ ಬದಿಗಿಟ್ಟು ಈ ಲೈಬ್ರರಿ ಕಟ್ಟಿದೆ. ಒಳ ಎಳೆತ ನನಗೆ ಗೊತ್ತಿಲ್ಲ, ರಿಜಿಸ್ಟರು ಗೊತ್ತು. ನಿಮ್ಮ ಕಾಗದ ಬಂದ ಮೇಲೆ ಎರಡು ಮಧ್ಯಾಹ್ನ ಬಾಗಿಲು ಹಾಕಿ, ಹಕ್ಕಿಯಿರುವ ಇಪ್ಪತ್ತೆಂಟು ಪುಸ್ತಕಗಳ ಐವತ್ತೆರಡನೇ ಪುಟ ಓದಿದೆ. ಬರೆದುಕೊಳ್ಳಿ.

ಏಳನೇ ನಂಬರು: ನಾಯಕಿಯ ಚಿಕ್ಕಪ್ಪನಿಗೆ ಹಲ್ಲುನೋವು. ಹತ್ತೊಂಬತ್ತು: ಕಾರಿನ ಚಕ್ರ ಪಂಕ್ಚರ್. ಇಪ್ಪತ್ತಾರು: ವಕೀಲರು ಉಯಿಲು ಓದುತ್ತಾರೆ, ಪುಟ ಪೂರ್ತಿ ಜಮೀನಿನ ಚಕ್ಕುಬಂದಿ. ಮೂವತ್ತಮೂರು: "ಭಾಗ ಎರಡು" ಎಂದು ಅಚ್ಚಾಗಿದೆ, ಬೇರೇನೂ ಇಲ್ಲ, ಖಾಲಿ ಹಾಳೆ. ಕೈ ಹಿಡಿಯುವುದು ಇಪ್ಪತ್ತೆಂಟರಲ್ಲಿ ಆರು. ಅದರಲ್ಲೂ ಒಂದರಲ್ಲಿ ಹಿಡಿಯುವವನು ಡಾಕ್ಟರು, ನಾಡಿ ನೋಡಲು.

ಚಿಕ್ಕಪ್ಪನ ಹಲ್ಲುನೋವಿಗೂ ಬಾಯಾರಿಕೆಯೇ ಮೇಷ್ಟ್ರೇ?

ಓದುವವರನ್ನು ಮಲಗಿಸುತ್ತವೆ ಎಂದಿರಿ. ಬಟನ್ ಅಕ್ಕ ದಿನಕ್ಕೆ ಒಂದು ಸಾವಿರಕ್ಕೂ ಹೆಚ್ಚು ಅಂಗಿಗಳ ಗುಂಡಿ ಎಳೆದು ನೋಡುವವಳು. ಕಣ್ಣಿಗೆ ಕಾಣದ ಸಡಿಲು ಅವಳ ಬೆರಳಿಗೆ ಸಿಗುತ್ತದೆ. ಅಂಥವಳಿಗೆ ಯಾವುದು ನಿಜ, ಯಾವುದು ಕಥೆ ಎಂದು ಗೊತ್ತಿಲ್ಲವೇ? ಆ ನಾಯಕರಿಗೆ ಕೆಮ್ಮು ಬರುವುದಿಲ್ಲ, ಸಾಲುಸಾಲಾಗಿ ಇಟ್ಟ ಸಾಕ್ಸು ಎಲ್ಲಿದೆ ಎಂದು ಕೂಗುವುದಿಲ್ಲ ಎಂದು ನಕ್ಕಿದ್ದೇ ಅವಳು. ಒಮ್ಮೆ ನಾನೇ ಕೇಳಿದ್ದೆ, "ಎಲ್ಲ ಒಂದೇ ಥರ, ಬೇಜಾರಾಗಲ್ವೇನೇ?" ಎಂದು. "ಅಕ್ಕಾ, ಇದ್ರಲ್ಲಿ ನಾಲ್ಕು ತೂತಿಗೂ ದಾರ ಹೋಗಿರತ್ತೆ. ನಾನು ಎಳೆದು ನೋಡ್ಬೇಕಾಗಿಲ್ಲ" ಎಂದಳು. ನಿಮ್ಮ ಲೇಖನದ ಹದಿನಾಲ್ಕು ಪುಟದಲ್ಲಿ ಇಷ್ಟು ನೇರವಾದ ಒಂದು ಸಾಲು ನನಗೆ ಸಿಗಲಿಲ್ಲ.

ಎರಡು ಬಸ್ಸಿನ ನಡುವೆ ಇಪ್ಪತ್ತು ನಿಮಿಷ ನನ್ನ ಲೈಬ್ರರಿಯಲ್ಲಿ ಇರುತ್ತಿದ್ದಳು. ದಿನದಲ್ಲಿ ಯಾರೂ ಏನೂ ಕೇಳದ ಇಪ್ಪತ್ತು ನಿಮಿಷ. ಈಗ ಗಂಡ ವ್ಯಾನು ತಂದು ಕಾರ್ಖಾನೆಯ ಗೇಟಿನಿಂದ ಕರೆದೊಯ್ಯುತ್ತಾನೆ. ಮಕ್ಕಳನ್ನೆಲ್ಲ ಮನೆಗೆ ಬಿಟ್ಟು ಬರುವ ತನಕ ಇವಳು ಗೇಟಿನಲ್ಲಿ ಮುಕ್ಕಾಲು ಗಂಟೆ ನಿಂತಿರಬೇಕು. ಜೊತೆಯವರೆಲ್ಲ "ಏನೇ, ಐವತ್ತೆರಡು ಇನ್ನೂ ಬಂದಿಲ್ವಾ?" ಎನ್ನುತ್ತ ದಾಟಿ ಹೋಗುತ್ತಾರೆ. ಇದು ನೀವು ಅವಳ ಪರವಾಗಿ ಮಾಡಿದ ವಾದ.

ಇನ್ನೊಂದು. ನಿಮ್ಮ ಪಾರ್ಸೆಲ್ ಹರಿದಿರಲಿಲ್ಲ. ಮೂವತ್ತೊಂಬತ್ತು ಪುಸ್ತಕಕ್ಕೆ ಅಳತೆಯಾಗಿಯೇ ಕಟ್ಟಿತ್ತು. ಹನ್ನೊಂದು ವರ್ಷ ಕಟ್ಟು ಕಟ್ಟಿದವಳಿಗೆ ಅಂಚೆಯ ಕಥೆ ಹೇಳಬೇಡಿ.

ಲೈಬ್ರರಿಯವಳು


ಏಪ್ರಿಲ್ ೬

ಅಮ್ಮ,

ನಿಮ್ಮ ಪಟ್ಟಿಯನ್ನು ನನ್ನ ಟಿಪ್ಪಣಿಗಳೊಂದಿಗೆ ಹೋಲಿಸಿದೆ. ಹಕ್ಕಿಗಳನ್ನು ಎಲ್ಲದರಲ್ಲೂ ಎಣಿಸಿದೆ, ಆದರೆ ಆ ಪುಟವನ್ನು ಓದಿದ್ದು ಮೊದಲ ಐದು ಪುಸ್ತಕಗಳಲ್ಲಿ ಮಾತ್ರ. ಅವುಗಳಲ್ಲಿ ನಾಲ್ಕರಲ್ಲಿ ಕೈ ಹಿಡಿಯುವ ಸನ್ನಿವೇಶವಿತ್ತು. ಉಳಿದವು ಹಾಗೇ ಇರಬಹುದೆಂದು ಬರೆದೆ. ಈ ಕಾದಂಬರಿಗಳೆಲ್ಲ ಒಂದೇ ಅಚ್ಚು ಎಂಬ ನನ್ನ ನಂಬಿಕೆ ನನ್ನ ಕಣ್ಣಿಗಿಂತ ಮುಂದೆ ಓಡಿತು. ಸಂಪಾದಕರಿಗೆ ತಿದ್ದುಪಡಿ ಕಳಿಸಿದ್ದೇನೆ.

ಆದರೆ ಒಂದು ಮಾತು ಹೇಳದಿದ್ದರೆ ನನಗೂ ನ್ಯಾಯವಾಗುವುದಿಲ್ಲ. ಹಕ್ಕಿ ಯಾರದೆಂದು ನಾನು ಹುಡುಕಿಕೊಂಡು ಹೋಗಲಿಲ್ಲ. ಆಗಸ್ಟಿನ ಎರಡನೇ ದಿನ ನೀವೇ ಪುಸ್ತಕ ತೆರೆದು ತೋರಿಸಿದಿರಿ. ನಿಮ್ಮ ಮಾತು ನನ್ನ ಟಿಪ್ಪಣಿಯಲ್ಲಿ ಹಾಗೇ ಇದೆ: "ಇದು ನಮ್ಮ ಬಟನ್ ಅಕ್ಕಂದು. ಅಂಗಿ ಫ್ಯಾಕ್ಟರಿಯವಳು. ನನ್ನ ಗಿರಾಕಿಗಳಲ್ಲೆಲ್ಲ ಮಹಾ ಹುಚ್ಚಿ." ನೀವು ನಗುತ್ತಿದ್ದಿರಿ. ನಾನೂ ನಕ್ಕೆ.

ಪ್ರಾಧ್ಯಾಪಕ


ಏಪ್ರಿಲ್ ೧೦

ಮೇಷ್ಟ್ರೇ,

ಹೌದು. ಹೇಳಿದೆ.

ನಿಮ್ಮ ಕಾಗದ ಬಂದ ದಿನ ಎರಡು ಜನಕ್ಕೆ ತಪ್ಪು ಪುಸ್ತಕ ಕೊಟ್ಟೆ. ರಿಜಿಸ್ಟರಿನಲ್ಲಿ ಹೊಡೆದು ಹಾಕಿ ಬರೆಯುವ ಅಭ್ಯಾಸ ನನಗಿಲ್ಲ. ಅವತ್ತು ಮೂರು ಕಡೆ ಹೊಡೆದು ಹಾಕಿದೆ.

ಯಾಕೆ ಹೇಳಿದೆ ಎಂದರೆ, ಇಷ್ಟು ವರ್ಷದಲ್ಲಿ ಓದಿದವರೊಬ್ಬರು ನನ್ನ ಎದುರು ಕೂತು "ನಿಮಗೇನನ್ನಿಸುತ್ತೆ ಅಮ್ಮ?" ಎಂದು ಕೇಳಿದ್ದು ಅದೇ ಮೊದಲು. ನಾನೂ ನಿಮ್ಮ ಸಾಲಿನವಳು, ಆ ಕಡೆಯವಳಲ್ಲ ಎಂದು ತೋರಿಸಿಕೊಳ್ಳುವ ಆಸೆಯಾಯಿತು. ನನ್ನ ಗಿರಾಕಿಗಳನ್ನೇ ಮೆಟ್ಟಿಲು ಮಾಡಿಕೊಂಡು ಒಂದು ಗೇಣು ಎತ್ತರ ನಿಂತೆ. ಎರಡು ದಿನದ ಎತ್ತರ.

ಆದರೆ ನಾನು ಹೇಳಿದ್ದು ನಾಲಗೆಯಲ್ಲಿ, ನೀವು ಹಾಕಿದ್ದು ಅಚ್ಚಿನಲ್ಲಿ. ನನ್ನ ಪಾಲಿನದನ್ನು ನಾನು ಅವಳ ಮುಂದೆ ಒಪ್ಪಿಕೊಳ್ಳುತ್ತೇನೆ, ಅವಳು ಸಿಕ್ಕಾಗ. ಅದನ್ನು ತೋರಿಸಿ ನಿಮ್ಮದನ್ನು ಸಣ್ಣದು ಮಾಡಿಕೊಳ್ಳಬೇಡಿ.

ಈಗ ನಾನೊಂದು ಕೇಳುತ್ತೇನೆ, ನಿಜ ಹೇಳಿ. ನಲವತ್ತರಲ್ಲಿ ಮೊದಲಿನಿಂದ ಕೊನೆ ತನಕ ಓದಿದ್ದು ಎಷ್ಟು?

ಲೈಬ್ರರಿಯವಳು


ಮೇ ೨

ಅಮ್ಮ,

ಒಂದೂ ಇಲ್ಲ.

ಮಾದರಿಗೆಂದು ನಲವತ್ತರಿಂದ ಅರವತ್ತನೇ ಪುಟ, ಕೊನೆಯ ಎರಡು ಪುಟ, ಅಷ್ಟೇ. ಅದೂ ಎಲ್ಲದರದ್ದಲ್ಲ. ಈ ಪ್ರಶ್ನೆಯನ್ನು ನನ್ನ ವಿಭಾಗದಲ್ಲಿ ಯಾರೂ ಕೇಳಿರಲಿಲ್ಲ.

ತಿದ್ದುಪಡಿ ಬಂದಿದೆ. ಕೊನೆಯ ಪುಟದಲ್ಲಿ, ಚಂದಾ ವಿವರದ ಕೆಳಗೆ, ನಾಲ್ಕು ಸಾಲು. ಅದೇ ಅಳತೆಯ ಅಕ್ಷರ ಕೊಡಿಸಲು ನನ್ನಿಂದಾಗಲಿಲ್ಲ.

ಮೂವತ್ತೊಂದನೇ ಪುಸ್ತಕ ಕಳೆದಿರಲಿಲ್ಲ. ಅದು ನನ್ನ ಚೀಲದ ತಳದಲ್ಲೇ ಉಳಿದಿತ್ತು. ಹುಡುಕುವ ಸೋಮಾರಿತನಕ್ಕೆ ಅಂಚೆಯ ಹೆಸರು ಹೇಳಿದೆ. ಕಳೆದ ತಿಂಗಳು ನನ್ನ ಅಮ್ಮನನ್ನು ಪರೀಕ್ಷೆಗೆಂದು ಆಸ್ಪತ್ರೆಗೆ ಕರೆದೊಯ್ದಿದ್ದೆ. ದಾರಿಯಲ್ಲಿ ನಿಮಗೆ ಅಂಚೆಗೆ ಹಾಕೋಣವೆಂದು ಅದೂ ಜೊತೆಯಲ್ಲಿತ್ತು. ಒಳಗೆ ಸ್ಕ್ಯಾನಿಂಗ್. ಹೊರಗೆ ಕಬ್ಬಿಣದ ಕುರ್ಚಿಗಳ ಸಾಲು, ಎದುರಿನ ಬಾಗಿಲಿನ ಮೇಲೆ ಕೆಂಪು ದೀಪ. ಮೂರು ಗಂಟೆ ಹೊತ್ತು. ಪುಸ್ತಕ ತೆಗೆದೆ. ತೆಗೆದವನು ಮೊದಲು ಕೊನೆಯ ಪುಟ ನೋಡಿದೆ. ಅವರಿಬ್ಬರೂ ಜೊತೆಯಾಗಿದ್ದರು. ಆಮೇಲೆ ಮೊದಲನೇ ಪುಟಕ್ಕೆ ಬಂದು ಓದತೊಡಗಿದೆ. ನಾನು ಮಾಡಿದ್ದು ನನಗೇ ತಡವಾಗಿ ಗೊತ್ತಾಯಿತು.

ಅಮ್ಮ ಹೊರಗೆ ಬಂದವರು, "ಏನೋ ಅದು, ಕೊಡು ಇಲ್ಲಿ" ಎಂದು ಕಸಿದುಕೊಂಡರು. ಬಸ್ಸಿನಲ್ಲಿ ಕೇಳಿದ್ದು ಒಂದೇ: "ಇದ್ರಲ್ಲಿ ಯಾರೂ ಸಾಯಲ್ಲ ತಾನೇ?" ಇಲ್ಲ ಎಂದೆ. ಅದೊಂದನ್ನು ಖಚಿತವಾಗಿ ಹೇಳಬಲ್ಲವನಾಗಿದ್ದೆ. ವರದಿ ಇನ್ನೂ ಬಂದಿಲ್ಲ. ಪುಸ್ತಕ ಅವರ ಹತ್ತಿರವಿದೆ. ದಿನಕ್ಕೆ ನಾಲ್ಕೈದು ಪುಟ ಓದುತ್ತಾರೆ. ಬೇರೊಂದು ಪ್ರತಿ ಕೊಂಡು ಕಳಿಸಿದರೆ ಆದೀತೇ?


ಮೇ ೮

ಮೇಷ್ಟ್ರೇ,

ಬೇರೊಂದು ಪ್ರತಿ ಎಲ್ಲಿಂದ ತರುತ್ತೀರಿ? ಅಚ್ಚು ನಿಂತು ಇಪ್ಪತ್ತು ವರ್ಷವಾಯಿತು. ನನಗೆ ಸಿಕ್ಕಿದ್ದೇ ರದ್ದಿಯಲ್ಲಿ.

ಈ ಪುಸ್ತಕಕ್ಕಾಗಿ ನಾನು ಯಾಕಿಷ್ಟು ಜಗಳಕ್ಕೆ ನಿಂತಿದ್ದೇನೆ ಎಂದು ನೀವು ಕೇಳಲಿಲ್ಲ, ನಾನೂ ಹೇಳಿರಲಿಲ್ಲ. ಈಗ ಹೇಳುತ್ತೇನೆ. ಆಗಸ್ಟಿನಲ್ಲಿ ನಿಮಗೆ ನಲವತ್ತು ಪುಸ್ತಕ ಎಣಿಸುವಾಗ ಮೂವತ್ತೊಂಬತ್ತಾಗಿತ್ತು. ಬಟನ್ ಅಕ್ಕ ಆ ಮೂಲೆಯಲ್ಲಿ ನಿಂತು ಒಂದನ್ನು ಓದುತ್ತಿದ್ದಳು. ನೂರ ನಲವತ್ತನೇ ಪುಟ. ಹೋಗಿ ಕೈಯಿಂದ ತೆಗೆದುಕೊಂಡೆ. "ಕೊನೆ ಗೊತ್ತೇ ಇದ್ಯಲ್ಲೇ, ಬೇರೇದು ತಗೋ" ಎಂದೆ. "ಕೊನೆ ಗೊತ್ತು ಅಕ್ಕ. ಅಲ್ಲಿಗೆ ಹೆಂಗೆ ಹೋಗ್ತಾರೆ ಅಂತ ಗೊತ್ತಿಲ್ವಲ್ಲ" ಎಂದಳು. ನೀವು ಅದೇ ಹೊತ್ತಿಗೆ ಚೀಲ ಬಿಚ್ಚಿ ಹಿಡಿದಿರಿ. ನಾನು ಹಾಕಿದೆ.

ಫೆಬ್ರವರಿಯ ತನಕ ಪ್ರತಿ ವಾರ ಕೇಳುತ್ತಿದ್ದಳು: "ಮೂವತ್ತೊಂದು ಬಂತಾ ಅಕ್ಕ?"

ನಿಮ್ಮ ತಾಯಿಯವರು ಓದಿ ಮುಗಿಸಲಿ. ಅವಸರ ಮಾಡಬೇಡಿ, ಕೈಯಿಂದ ತೆಗೆದುಕೊಳ್ಳಬೇಡಿ. ಒಂದು ಸಲ ಕಸಿದದ್ದು ಸಾಕು. ಇದರಿಂದ ನನ್ನ ಸಿಟ್ಟು ಇಳಿಯಿತೆಂದು ತಿಳಿಯಬೇಡಿ.


ಮೇ ೨೭

ಅಮ್ಮ,

ಪುಸ್ತಕ ಕಳಿಸಿದ್ದೇನೆ. ನನ್ನ ಅಮ್ಮ ನಿನ್ನೆ ಮುಗಿಸಿದರು. ಆಮೇಲೆ ನಾನು, ಮೊದಲಿನಿಂದ ಕೊನೆ ತನಕ.

ವರದಿ ಬಂದಿದೆ. ಅದನ್ನು ಇಲ್ಲಿ ಬರೆಯಲಾರೆ.

ಐವತ್ತೆರಡನೇ ಪುಟದಲ್ಲಿ ನಾನೂ ಒಂದು ಹಕ್ಕಿ ಬರೆದಿದ್ದೇನೆ, ಪೆನ್ಸಿಲಿನಲ್ಲಿ. ಆಕೆಯ ಗಂಡ ಬಂದು ಕೇಳಿದರೆ ಇದೊಂದನ್ನು ತೋರಿಸಿ. ಈ ಪುಟದವನು ಯಾರೆಂದರೆ, ನಾನು.


ಜೂನ್ ೨೪

ಮೇಷ್ಟ್ರೇ,

ನಿಮ್ಮ ಹಕ್ಕಿ ಕೋಳಿಯ ಹಾಗಿದೆ. ಇದನ್ನು ಮೊದಲು ಹೇಳಿದ್ದು ನರ್ಸಮ್ಮ. ಪಾರ್ಸೆಲ್ ಬಿಚ್ಚುವಾಗ ಎದುರಿಗಿದ್ದಳು. ಕಾಗದ ಓದಿ ತೋರಿಸಿದೆ. "ಓಹೋ, ಸಾಹೇಬ್ರೂ ಬರೀತಾರಾ?" ಎಂದು ಮೇಜಿನ ಮೇಲಿನ ಪೆನ್ಸಿಲು ತಗೊಂಡು, ತಾನು ಹಿಂದಿರುಗಿಸಲು ತಂದಿದ್ದ ಪುಸ್ತಕದ ಐವತ್ತೆರಡನೇ ಪುಟ ತೆಗೆದು ಒಂದು ಹಕ್ಕಿ ಬರೆದಳು. ಮಾರನೇ ದಿನ ಟೈಲರಮ್ಮ ಎರಡು ಬರೆದಳು. ಆಮೇಲೆ ನಾನು ಲೆಕ್ಕ ಇಡಲಿಲ್ಲ. ಗೋಡೆಯ ಮೇಲೆ "ಪುಸ್ತಕದಲ್ಲಿ ಗೀಚಬಾರದು" ಎಂದು ನಾನೇ ಬರೆಸಿದ ಬೋರ್ಡಿದೆ. ಹತ್ತು ದಿನ ಅದಕ್ಕೆ ಬೆನ್ನು ಹಾಕಿ ಕೂತೆ. ನಿವೃತ್ತ ಗುಮಾಸ್ತರಂತೂ ಯಾರೂ ಮುಟ್ಟದ ಸೈಕಲ್ ರಿಪೇರಿ ಪುಸ್ತಕಕ್ಕೂ ಬರೆದಿಟ್ಟರು.

ವ್ಯಾನಿನವನು ಬಂದದ್ದು ಒಂಬತ್ತನೇ ತಾರೀಕು. ಫೆಬ್ರವರಿಯಿಂದ ಮನೆಯಲ್ಲಿ ಉಳಿದಿದ್ದ ಪುಸ್ತಕವನ್ನು ಮೇಜಿನ ಮೇಲೆ ಎಸೆದ. ನೆನೆದು ಒಣಗಿ ಉಬ್ಬಿತ್ತು. ಬಕೆಟ್ಟಿಗೆ ಹಾಕಿದ್ದನಂತೆ.

"ತಗೊಳ್ಳಿ ನಿಮ್ಮದು. ಅವಳು ಗುರುತು ಹಾಕಿದ್ದಾಳಲ್ಲ, ಅದೆಲ್ಲ ತೆಗೀರಿ, ನೋಡ್ಬೇಕು."

"ನೋಡಪ್ಪ. ಕೈಗೆ ಸಿಕ್ಕಿದ್ದು ತೆಗಿ" ಎಂದೆ.

ಒಂದು ತೆಗೆದ, ಹಕ್ಕಿ. ಇನ್ನೊಂದು, ಹಕ್ಕಿ. ಮೂರನೆಯದರಲ್ಲಿ ನಾಲ್ಕು ಹಕ್ಕಿ. ಸಾಲು ಬದಲಾಯಿಸಿದ. ಸೈಕಲ್ ರಿಪೇರಿಗೆ ಕೈ ಹಾಕಿದ. ಬ್ರೇಕಿನ ಚಿತ್ರದ ಮೇಲೆ ಹಕ್ಕಿ ಕೂತಿತ್ತು.

"ಇದೆಲ್ಲ ಯಾರದ್ದು?"

"ಓದೋರದ್ದು."

ಗುಮಾಸ್ತರು ಪೇಪರಿನಿಂದ ತಲೆಯೆತ್ತದೆ, "ಅದು ನಂದಪ್ಪ. ನನಗೂ ಬಾಯಾರಿಕೆ, ಏನ್ಮಾಡ್ಲಿ?" ಎಂದರು. ನರ್ಸಮ್ಮ ಕೆಮ್ಮಿದಳು. ನಿಮ್ಮ ನಾಲ್ಕು ಸಾಲಿನ ತಿದ್ದುಪಡಿಯನ್ನು ಕತ್ತರಿಸಿ ಇಟ್ಟಿದ್ದೆ, ತೋರಿಸಲಿಲ್ಲ. ಬೇಕಾಗಲಿಲ್ಲ. ಅವನು ಸೈಕಲ್ ಪುಸ್ತಕ ಮೇಜಿನ ಮೇಲಿಟ್ಟು ಹೊರಟು ಹೋದ. ನಾಲ್ಕು ತಿಂಗಳು ಅವಳನ್ನು ನಿಲ್ಲಿಸಿದವನಿಗೆ ಒಂದು ಮಾತೂ ಇಲ್ಲದೆ ಹೋಗುವುದು ಎಷ್ಟು ಸುಲಭವಾಯಿತು ನೋಡಿ. 

ನಮಗೂ ನಷ್ಟವಾಗಿದೆ. ಎಲ್ಲರೂ ತಮ್ಮತಮ್ಮ ಗುರುತು ಬಿಟ್ಟು ಹಕ್ಕಿಯನ್ನೇ ಹಾಕತೊಡಗಿದ್ದಾರೆ. ಯಾವುದು ಓದಿದ್ದು, ಯಾವುದು ಓದದ್ದು ಎಂದು ಈಗ ಯಾರಿಗೂ ಗೊತ್ತಾಗುವುದಿಲ್ಲ. ಟೈಲರಮ್ಮ ಒಂದೇ ಕಾದಂಬರಿಯನ್ನು ತಿಂಗಳಲ್ಲಿ ಎರಡು ಸಲ ಕೊಂಡೊಯ್ದಳು. ಅರ್ಧಕ್ಕೆ ಬಂದ ಮೇಲೆ ಗೊತ್ತಾಯಿತಂತೆ. ಮುಗಿಸಿಯೇ ತಂದಳು.

ಬಟನ್ ಅಕ್ಕ ಹದಿನೇಳನೇ ತಾರೀಕು ಬಂದಳು, ಬಸ್ಸಿನಲ್ಲಿ. ಮನೆಗೆ ಪುಸ್ತಕ ಒಯ್ಯುವುದಿಲ್ಲ, ಇಲ್ಲೇ ನಿಂತು ಓದುತ್ತೇನೆ ಎಂದಳು. ಯಾಕೆಂದು ಕೇಳಲಿಲ್ಲ, ಉಬ್ಬಿದ ಪುಸ್ತಕ ಮೇಜಿನ ಮೇಲೇ ಇತ್ತು. ನಾನು ಆಗಸ್ಟಿನಲ್ಲಿ ಆಡಿದ ಮಾತು ಅವಳಿಗೆ ಹೇಳಿದೆ, ಹುಚ್ಚಿ ಎಂದದ್ದನ್ನೂ ಬಿಡದೆ.  "ನೀವಂದಿದ್ದು ಅಂತ ನಂಗೆ ಫೆಬ್ರವರೀಲೇ ಗೊತ್ತಿತ್ತು ಅಕ್ಕ. ಬೇರೆ ಯಾರಿಗೆ ಗೊತ್ತು ಆ ಹಕ್ಕಿ?" ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಮೂವತ್ತೊಂದನ್ನು ಕೊಟ್ಟೆ. ಅಭ್ಯಾಸ ನೋಡಿ, ಮೊದಲು ಐವತ್ತೆರಡು ತೆಗೆದಳು. ಮುಖ ಬಿತ್ತು. "ಇದನ್ನ ನಾನು ಮುಗಿಸಿದ್ನಾ?"

"ಇಲ್ವೇ. ಅದು ಮೇಷ್ಟ್ರದ್ದು."

ಹತ್ತಿರ ಹಿಡಿದು ನೋಡಿದಳು. "ಇದು ಹಕ್ಕೀನಾ?" ಎಂದಳು. ಆಮೇಲೆ ನೂರ ನಲವತ್ತಕ್ಕೆ ತಿರುಗಿಸಿದಳು.

ಇಪ್ಪತ್ತು ನಿಮಿಷ ಯಾರನ್ನೂ ಮಾತಾಡಲು ಬಿಡಲಿಲ್ಲ. ಗುಮಾಸ್ತರು ಪೇಪರು ಮಗುಚಿದರೂ ಕಣ್ಣು ಬಿಟ್ಟು ನೋಡಿದೆ. ಬಸ್ಸು ಬಂದಾಗ ಸೆರಗಿನ ಪಿನ್ನಿಗೆ ಸುತ್ತಿಕೊಂಡಿದ್ದ ಬಿಳಿ ದಾರದ ತುಂಡೊಂದನ್ನು ಬಿಚ್ಚಿ ಪುಟದ ನಡುವೆ ಇಟ್ಟು, ಪುಸ್ತಕ ನನ್ನ ಕೈಗೆ ಕೊಟ್ಟು ಓಡಿದಳು. ಮಾರನೇ ದಿನದಿಂದ ಕಾರ್ಖಾನೆಯಲ್ಲಿ ಎರಡು ಹೊತ್ತಿನ ಕೆಲಸ, ಬಂದಿಲ್ಲ. ಬರುತ್ತಾಳೆ.

ಇದರ ಜೊತೆ ಐದು ಪುಸ್ತಕ ಕಳಿಸಿದ್ದೇನೆ. ನಿಮಗಲ್ಲ, ನಿಮ್ಮ ತಾಯಿಯವರಿಗೆ. ಐದರಲ್ಲೂ ಯಾರೂ ಸಾಯುವುದಿಲ್ಲ, ಓದಿ ನೋಡಿಯೇ ಕಟ್ಟಿದ್ದೇನೆ. ವಾಪಸು ಕಳಿಸಲು ತಾರೀಕು ಹಾಕಿಲ್ಲ. ನೀವು ಮಾಡಬೇಕಾದದ್ದು ಪಕ್ಕದಲ್ಲಿ ಕೂತಿರುವುದು, ಬರೆಯುವುದಲ್ಲ.

ಮೂವತ್ತೊಂದು ನನ್ನ ಮೇಜಿನ ಒಳಗಿದೆ. ದಾರ ಇರುವುದು ನೂರ ಅರವತ್ತಮೂರನೇ ಪುಟದಲ್ಲಿ. ಇನ್ನು ಇಪ್ಪತ್ತೊಂಬತ್ತು ಪುಟ. ಅದು ಮುಗಿಯುವ ತನಕ ಆ ಪುಸ್ತಕ ಯಾರು ಕೇಳಿದರೂ ಇಲ್ಲ. ನೀವು ಕೇಳಿದರಂತೂ ಇಲ್ಲವೇ ಇಲ್ಲ.

ಲೈಬ್ರರಿಯವಳು